ಮನೆದೇವರು ಒಂದು ಎರಡು ಮೂರು

ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಕೊಳ್ಳಲು ಈಗ ಯಾರೂ ನಾಚುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಆಚೆ ಸಾಲಿನವರಿಗೂ ಕೇಳುವಂತೆ, "ನನಗ ಶುಗರ್ ಐತ್ರಿ, ಅರ್ಧ ಹೋಳಿಗಿ ಹಾಕ್ರಿ" ಎನ್ನುತ್ತಾರೆ. ಮೊಣಕಾಲು ನೋವಿನವರು ಜೊತೆ ಮಾಡಿಕೊಂಡು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಬಿಪಿ ಇರುವವರು ಸಿಟ್ಟು ಬಂದಾಗಲೆಲ್ಲ ಬಿಪಿಯ ಹೆಸರು ಹೇಳಿ ಪಾರಾಗುತ್ತಾರೆ. ಆದರೆ "ನನಗೆ ಹೊಟ್ಟೆಕಿಚ್ಚು ಇದೆ" ಎಂದು ಒಪ್ಪಿಕೊಂಡ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಇದುವರೆಗೆ ನೋಡಿಲ್ಲ. ಆ ಕಾಯಿಲೆ ಯಾವಾಗಲೂ ಪಕ್ಕದ ಮನೆಯವರಿಗೇ ಇರುತ್ತದೆ. ಯಾರಾದರೂ ಮೊದಲು ಮಾಡಲೇಬೇಕಲ್ಲ, ನಾನೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಇದೆ. ಚೆನ್ನಾಗಿಯೇ ಇದೆ. ಅದು ಶುರುವಾದದ್ದು ಆಸ್ತಿಯಿಂದಲ್ಲ, ಅಣ್ಣತಮ್ಮಂದಿರಿಂದಲ್ಲ, ಆಫೀಸಿನ ಕಂಪ್ಯೂಟರಿನ ಪಾಸ್‌ವರ್ಡಿನಿಂದ. ಮನೆಯಲ್ಲಿ ಹೆಂಡತಿ ಶಿವಲೀಲಾಗೆ ಇದು ಅಸಿಡಿಟಿ ಎಂದು ಹೇಳಿದ್ದೇನೆ. ಆಕೆ ದಿನಾ ಬೆಳಿಗ್ಗೆ ಜೀರಿಗೆ ನೀರು ಕುಡಿಸುತ್ತಾಳೆ.

ನಮ್ಮದು ಹೊಸಪೇಟೆಯ ಹೊರಗೆ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು. ಸಂಡೂರಿನ ಗಣಿಗಳಿಂದ ಅದಿರು ಹೊರುವ ಲಾರಿಗಳ ಟ್ರಿಪ್ಪು, ಡೀಸೆಲ್ಲು, ತೂಕದ ಚೀಟಿ, ಪರ್ಮಿಟ್ಟು ಎಲ್ಲ ಇಲ್ಲಿಂದಲೇ ನಡೆಯುತ್ತದೆ. ಲಾರಿಗಳ ಹಿಂದೆಯೇ ಕೆಂಪು ಧೂಳೂ ಆಫೀಸಿನ ಒಳಗೆ ಬರುತ್ತದೆ. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಬಂದವನು ಸಂಜೆ ಅರ್ಧ ಸನ್ಯಾಸಿಯಾಗಿ ಮನೆಗೆ ಹೋಗುತ್ತಾನೆ. ನಾನು ಇಲ್ಲಿ ಹೆಡ್ ಕ್ಲಾರ್ಕು, ಹೆಸರು ಮಲ್ಲಿಕಾರ್ಜುನ, ಕರೆಯುವುದು ಮಲ್ಲಣ್ಣ. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದ ದಿನ ನಮ್ಮ ಧಣಿಗಳು ಅದಕ್ಕೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಕಾಯಿ ಒಡೆಸಿ, ಆಮೇಲೆ ಸುತ್ತ ನಿಂತವರನ್ನು ನೋಡಿ, "ಇದನ್ನ ಚಾಲೂ ಮಾಡೋದು ಯಾರಿಗೆ ಬರ್ತೈತಿ?" ಎಂದು ಕೇಳಿದ್ದರು. ಯಾರಿಗೂ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಆದರೆ ನಾನು ಒಂದು ಹೆಜ್ಜೆ ಮುಂದೆ ಬಂದು ಎಲ್ಲಕ್ಕಿಂತ ದೊಡ್ಡ ಗುಂಡಿ ಒತ್ತಿದೆ. ಅದು ಚಾಲೂ ಆಯಿತು. ಆ ಗಳಿಗೆಯಿಂದ ನಾನು ಆಫೀಸಿನ ಕಂಪ್ಯೂಟರ್ ಪಂಡಿತ. ಇಷ್ಟು ವರ್ಷ ಯಾರೂ ಆ ಪಟ್ಟವನ್ನು ಪ್ರಶ್ನಿಸಿರಲಿಲ್ಲ.

ಎಲ್ಲರಿಗೂ ಪಾಸ್‌ವರ್ಡ್ ಇಟ್ಟುಕೊಟ್ಟವನೂ ನಾನೇ. ಮರೆಯದಂಥ ಪಾಸ್‌ವರ್ಡ್ ಯಾವುದು? ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರಾದ ಮೇಲೆ ಊರು ಕೇಳುತ್ತೇವೆ, ಊರಾದ ಮೇಲೆ ಮನೆದೇವರು ಕೇಳುತ್ತೇವೆ. ಅದು ಕುತೂಹಲ ಅಲ್ಲ, ಮರ್ಯಾದೆ. ಮನುಷ್ಯ ಮದುವೆಯ ದಿನಾಂಕ ಮರೆತಾನು, ಮನೆದೇವರ ಹೆಸರು ಮರೆಯುವುದಿಲ್ಲ. ಹಾಗಾಗಿ ಆಫೀಸಿನ ಎಲ್ಲರ ಪಾಸ್‌ವರ್ಡೂ ಅವರವರ ಮನೆದೇವರು, ಅದರ ಮುಂದೆ ಒಂದು ಎರಡು ಮೂರು. ಇದರಿಂದ ಭಕ್ತಿಯೂ ಬೆಳೆಯಿತು, ಕೆಲಸವೂ ಸಾಗಿತು. ಆದರೂ ಟ್ರಿಪ್ ಶೀಟ್ ಬರೆಯುವ ನಮ್ಮ ಹನುಮಂತಪ್ಪನಂಥವರು ಸೋಮವಾರ ಬೆಳಿಗ್ಗೆ ಬಂದವರೇ ತಮ್ಮ ಮೇಜಿನಿಂದಲೇ ಕೂಗುತ್ತಿದ್ದರು: "ಮಲ್ಲಣ್ಣ, ನನ್ನ ಪಾಸ್‌ವರ್ಡ್ ಏನೋ ತಗೊಳ್ಳವಲ್ದು ನೋಡ್ರಿ!" ನಾನು ಎದ್ದು ಹೋಗುತ್ತಿರಲಿಲ್ಲ, ಕೂತಲ್ಲಿಂದಲೇ "ಹುಲಿಗೆಮ್ಮ, ಒಂದ್, ಎರಡ್, ಮೂರ್!" ಎಂದು ಕೂಗುತ್ತಿದ್ದೆ. ಚೀಟಿ ಮಾಡಿಸಲು ಕಿಟಕಿಯ ಹೊರಗೆ ನಿಂತ ಲಾರಿ ಡ್ರೈವರುಗಳು ಹುಲಿಗೆಮ್ಮನ ಹೆಸರು ಕಿವಿಗೆ ಬಿದ್ದ ಕೂಡಲೇ ಹಣೆಗೆ ಕೈ ಮುಟ್ಟಿಸಿಕೊಳ್ಳುತ್ತಿದ್ದರು. ಪಾಸ್‌ವರ್ಡ್ ಮರೆತವರು ನನಗೆ ಒಂದು ಚಹಾ ಕೊಡಿಸಬೇಕು ಎಂಬುದು ಯಾರೂ ಬರೆದಿಡದ ನಿಯಮ. ಚಹಾ ತಂದವರು ಸುಮ್ಮನೆ ಕೊಟ್ಟು ಹೋಗುತ್ತಿರಲಿಲ್ಲ, ಕುರ್ಚಿ ಎಳೆದುಕೊಂಡು ಕೂತು ಮಗನ ಪರೀಕ್ಷೆ, ಮಗಳ ವರ, ತಮ್ಮನ ಜಗಳ ಎಲ್ಲ ಹೇಳಿ ಹೋಗುತ್ತಿದ್ದರು. ನನ್ನ ಮೇಜಿನ ಮುಂದಿನ ಕುರ್ಚಿ ಖಾಲಿ ಇದ್ದ ದಿನವೇ ಇರಲಿಲ್ಲ. ಸಂಬಳಕ್ಕಿಂತ ನನಗೆ ಅದೇ ಹೆಚ್ಚಾಗಿತ್ತು ಎಂದರೆ ನೀವು ನಂಬಬೇಕು.

ಹೀಗಿರುವಾಗ ಕಂಪ್ಲಿಯಿಂದ ಗಿರಿಜಾ ಬಂದಳು. ಮದುವೆಯಾಗಿ ಗಂಡನ ಜೊತೆ ಹೊಸಪೇಟೆಗೆ ಬಂದ ಹುಡುಗಿ, ಬಿಲ್ಲಿಂಗ್ ಕೆಲಸಕ್ಕೆ ಸೇರಿದ್ದು. ಬಂದ ದಿನವೇ ನನ್ನ ಬಳಿ ಬಂದು, "ಅಣ್ಣಾರ, ನೀವ ಕಲಸ್ಬೇಕ್ರಿ ನನಗ" ಎಂದಳು. ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಹೊಗಳಿದೆ. ಈಗ ಅದನ್ನು ನೆನೆದರೆ ಆ ಹೊಗಳಿಕೆಯನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇದೆಯೇ ಎಂದು ಯೋಚಿಸುತ್ತೇನೆ. ಯಾಕೆಂದರೆ ಅದೇ ಸುಮಾರಿಗೆ ಕಂಪ್ಲಿ ಕಡೆಯ ಯಾವುದೋ ಅಕ್ಕಿ ಗಿರಣಿಯ ಕಂಪ್ಯೂಟರಿನೊಳಗೆ ಕಳ್ಳರು ನುಗ್ಗಿದ್ದಾರೆ, ಎಲ್ಲ ಲೆಕ್ಕಕ್ಕೂ ತಮ್ಮದೇ ಬೀಗ ಹಾಕಿ ಕೂತಿದ್ದಾರೆ ಎಂಬ ಸುದ್ದಿ ಬಂತು. ಯಾವ ಗಿರಣಿ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಧಣಿಗಳು ಹೆದರಿದರು. ಬಳ್ಳಾರಿಯಲ್ಲಿ ಕಂಪ್ಯೂಟರ್ ಸುರಕ್ಷತೆಯ ತರಬೇತಿ ಇದೆಯಂತೆ, ನಮ್ಮಲ್ಲಿಂದ ಒಬ್ಬರು ಹೋಗಿ ಕಲಿತು ಬರಬೇಕು, ಬಂದು ಉಳಿದವರಿಗೆ ಕಲಿಸಬೇಕು ಎಂದರು. ಆ ಒಬ್ಬರು ಯಾರು ಎಂದು ಕೇಳುವ ಅಗತ್ಯವೇ ನನಗೆ ಕಾಣಲಿಲ್ಲ. ಶಿವಲೀಲಾ ನನ್ನ ತಿಳಿ ನೀಲಿ ಅಂಗಿಗೆ ಇಸ್ತ್ರಿ ಹಾಕಿಟ್ಟಳು. ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ನಾಲ್ಕಾರು ಜನರಿಗೆ, ಅವರು ಕೇಳದಿದ್ದರೂ, ಬಳ್ಳಾರಿಗೆ ಹೋಗುವ ಸುದ್ದಿ ಹೇಳಿದೆ.

ಮರುದಿನ ಧಣಿಗಳು ಒಳಗೆ ಕರೆದರು. "ಕುಂದ್ರಿ ಮಲ್ಲಣ್ಣ. ನೀವು ಇಲ್ಲಂದ್ರ ಈ ಆಫೀಸ್ ಒಂದಿನ ನಡಿಯಂಗಿಲ್ಲ." ನಾನು ವಿನಯದಿಂದ ತಲೆ ತಗ್ಗಿಸಿದೆ. "ಅದಕ್ಕ ತರಬೇತಿಗೆ ಗಿರಿಜಾನ್ನ ಕಳಸ್ತೀನಿ." ತಗ್ಗಿಸಿದ ತಲೆ ಅಲ್ಲೇ ಉಳಿಯಿತು. ಹೊಗಳುತ್ತಲೇ ಹೀಗೆ ಹೊಡೆಯುವುದನ್ನು ನಮ್ಮ ಧಣಿಗಳು ಎಲ್ಲಿ ಕಲಿತರೋ. ಆ ಸಂಜೆ ಮೊದಲ ಬಾರಿಗೆ ಎದೆಯ ಕೆಳಗೆ ಏನೋ ಸುಡುತ್ತಿದೆ ಅನ್ನಿಸಿತು. ಶಿವಲೀಲಾ ಇಸ್ತ್ರಿ ಮಾಡಿದ ಅಂಗಿಯನ್ನು ಮಡಿಚಿ ಒಳಗಿಟ್ಟು, "ಹೋಗ್ಲಿ ಬಿಡ್ರಿ, ಸಣ್ಣ ಹುಡುಗಿ, ಕಲೀಲಿ" ಎಂದಳು. ಹೆಂಡತಿಯಾದವಳು ಇಂಥ ಹೊತ್ತಿನಲ್ಲಿ ಇಷ್ಟು ನ್ಯಾಯವಾಗಿ ಮಾತನಾಡಬಾರದು. ನಾನು ಆಕೆಯ ಮೇಲೂ ಸ್ವಲ್ಪ ಸಿಟ್ಟು ಮಾಡಿಕೊಂಡೆ.

ಗಿರಿಜಾ ಬಳ್ಳಾರಿಯಿಂದ ಬಂದಳು, ಒಂದು ಬ್ಯಾಗು, ಒಂದು ಪ್ರಮಾಣಪತ್ರ, ಕೈತುಂಬ ನಿಯಮ ತಂದಳು. ಎಲ್ಲರನ್ನೂ ಕೂಡಿಸಿ ಧಣಿಗಳೇ ಸಭೆ ಮಾಡಿದರು. ಗೊತ್ತಿಲ್ಲದವರಿಂದ ಬಂದ ಮೇಲ್ ಒತ್ತಬಾರದು ಎಂದಳು. ಅರ್ಜೆಂಟ್ ಎಂದು ಅವಸರ ಮಾಡುವವರನ್ನು ನಂಬಬಾರದು ಎಂದಳು. ಹೊರಗಿನ ಪೆನ್ ಡ್ರೈವ್ ಚುಚ್ಚಬಾರದು ಎಂದಳು. ಇದು ನೇರವಾಗಿ ನನ್ನ ಜೇಬಿಗೆ ಬಿದ್ದ ಏಟು, ಯಾಕೆಂದರೆ ಆಫೀಸಿನಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಓಡಾಡಿ ಬಂದ ಪೆನ್ ಡ್ರೈವ್ ಇದ್ದದ್ದು ಒಂದೇ, ನನ್ನ ಭಜನೆಗಳದ್ದು. ಕುರ್ಚಿ ಬಿಟ್ಟು ಏಳುವಾಗ ಸ್ಕ್ರೀನಿಗೆ ಲಾಕ್ ಹಾಕಿಯೇ ಏಳಬೇಕು ಎಂದಳು. ಆಮೇಲೆ ಮುಖ್ಯ ಮಾತಿಗೆ ಬಂದಳು. "ಇವತ್ತಿನಿಂದ ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿರಬಾರದ್ರಿ. ಮನೆದೇವ್ರ ಹೆಸರಂತೂ ಬ್ಯಾಡೇ ಬ್ಯಾಡ. ಮನ್ಯಾಗ ಹೇಳಂಗಿಲ್ಲ, ದೋಸ್ತರಿಗೆ ಹೇಳಂಗಿಲ್ಲ, ಧಣೇರಿಗೂ ಹೇಳಂಗಿಲ್ಲ."

"ನನಗೂ ಹೇಳಂಗಿಲ್ಲೇನು?" ಧಣಿಗಳು ಕುರ್ಚಿಯಲ್ಲಿ ನೆಟ್ಟಗಾದರು.

"ನಿಮಗೂ ಹೇಳಂಗಿಲ್ರಿ. ನಾಳೆ ಯಾರರ ನಿಮ್ಮ ದನ್ಯಾಗ ಫೋನ್ ಮಾಡಿ ಕೇಳಿದ್ರ?"

"ನನ್ನ ದನಿ ಮಾಡಾಕ ಬರ್ತೈತೇನು ಮತ್ತೊಬ್ರಿಗೆ?"

ಊಟದ ಹೊತ್ತಿನಲ್ಲಿ ಧಣಿಗಳ ದನಿ ಮಾಡಿ ನಮ್ಮನ್ನೆಲ್ಲ ನಗಿಸುವ ಹನುಮಂತಪ್ಪ ಮೆಲ್ಲಗೆ ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ. "ಈಗ ಕಂಪ್ಯೂಟರ್‌ನ್ಯಾಗ ಎಲ್ಲಾರ ದನಿನೂ ಮಾಡ್ತಾರ್ರಿ" ಎಂದಳು ಗಿರಿಜಾ. ಧಣಿಗಳು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ, ಆದರೆ ಕೈಗಳು ಒಂದಕ್ಕೊಂದು ತಾಗದ ಹಾಗೆ.

ಒಂದು ವಾರದಲ್ಲಿ ನನ್ನ ರಾಜ್ಯ ಹೋಯಿತು. ಎಲ್ಲರೂ ಗುಟ್ಟಾಗಿ ಪಾಸ್‌ವರ್ಡ್ ಬದಲಾಯಿಸಿಕೊಂಡರು. ನಾನು ಮಾತ್ರ ಹಟಕ್ಕೆ ನಮ್ಮ ಮನೆದೇವರು ವೀರಭದ್ರನನ್ನೇ ಇಟ್ಟುಕೊಂಡಿದ್ದೆ. ನಾನು ಹನುಮಂತಪ್ಪನ ಮೇಜಿನ ಬಳಿ ಹೋದರೆ ಆತ ಕೀಬೋರ್ಡಿನ ಮೇಲೆ ಟವೆಲ್ ಹೊದಿಸುತ್ತಿದ್ದ. ಇದೇ ಹನುಮಂತಪ್ಪ ಮಗಳ ಮದುವೆ ಮಾತುಕತೆಗೆ ನನ್ನನ್ನು ಪಾಪಿನಾಯಕನಹಳ್ಳಿಯ ತನಕ ಕರೆದುಕೊಂಡು ಹೋದವನು! ಮನೆಯ ಗುಟ್ಟೆಲ್ಲ ಹೇಳಿದವನು ಈಗ ಎಂಟು ಅಕ್ಷರಕ್ಕೆ ಟವೆಲ್ ಹೊದಿಸುತ್ತಾನೆ. ಯಾರಾದರೂ ಪಾಸ್‌ವರ್ಡ್ ಮರೆತರೆ ಗಿರಿಜಾಳ ಬಳಿ ಹೋಗುತ್ತಿದ್ದರು. ಆಕೆ ಅವರ ಪಾಸ್‌ವರ್ಡ್ ಕೇಳದೆಯೇ ಹೊಸದಕ್ಕೆ ದಾರಿ ಮಾಡಿಕೊಟ್ಟು, ಅವರು ಟೈಪ್ ಮಾಡುವಾಗ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ಅದಕ್ಕೂ ಚಹಾ ಬರುತ್ತಿತ್ತು! ಚಹಾದ ಲೋಟ ನನ್ನ ಮೇಜನ್ನು ದಾಟಿ ಆಕೆಯ ಮೇಜಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಮುಂದಿನ ಕುರ್ಚಿಯ ಮೇಲೆ ಕೆಂಪು ಧೂಳು ಕೂತಿತು. ಒಂದು ದಿನ ಯಾರೋ ಬಂದು, "ಮಲ್ಲಣ್ಣ, ಇದು ಖಾಲಿ ಐತೇನ್ರಿ?" ಎಂದು ಕೇಳಿ ಅದನ್ನೂ ಎತ್ತಿಕೊಂಡು ಹೋಗಿ ಗಿರಿಜಾಳ ಮೇಜಿನ ಮುಂದೆ ಇಟ್ಟರು. ಆ ರಾತ್ರಿ ಜೀರಿಗೆ ನೀರು ಕೆಲಸ ಮಾಡಲಿಲ್ಲ.

ಆಮೇಲೆ ನಾನು ಆಕೆಯನ್ನು ನೋಡುವುದನ್ನೇ ಕೆಲಸ ಮಾಡಿಕೊಂಡೆ. ಒಂದು ಸಲ, ಒಂದೇ ಸಲ, ಲಾಕ್ ಹಾಕದೆ ಎದ್ದು ಹೋಗಲಿ ಎಂದು ವೀರಭದ್ರನಿಗೆ ಹರಕೆ ಹೊತ್ತೆ. ಆಕೆ ನೀರು ಕುಡಿಯಲು ಎದ್ದರೂ ಲಾಕ್ ಹಾಕುತ್ತಿದ್ದಳು. ನಮ್ಮ ಆಫೀಸಿನಲ್ಲಿ ಒಂದು ಅನುಕೂಲ ಇದೆ. ಕೀಬೋರ್ಡಿನ ಮೇಲೆ ಅದಿರಿನ ಧೂಳು ಕೂರುವುದರಿಂದ, ಬೆಳಿಗ್ಗೆ ಬಂದ ಕೂಡಲೇ ಯಾವ ಗುಂಡಿಗಳ ಮೇಲೆ ಬೆರಳು ಬಿದ್ದಿದೆ ಎಂದು ನೋಡಿದರೆ ಸಾಕು, ಪಾಸ್‌ವರ್ಡು ಅರ್ಧ ಸಿಕ್ಕ ಹಾಗೆ. ಇಂಥ ಉಪಾಯ ಹೊಳೆದದ್ದಕ್ಕೆ ನನ್ನ ಬಗ್ಗೆ ನನಗೇ ಗೌರವ ಬಂತು. ಆದರೆ ಆಕೆ ಸಂಜೆ ಹೋಗುವಾಗ ಒಂದು ಸಲ, ಬೆಳಿಗ್ಗೆ ಲಾಗಿನ್ ಆದ ಮೇಲೆ ಒಂದು ಸಲ ಕೀಬೋರ್ಡನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಬಳ್ಳಾರಿಯವರು ಇದನ್ನೂ ಹೇಳಿಕೊಟ್ಟಿದ್ದರೋ, ತಾಯಿ ಕಲಿಸಿದ ಶುಚಿಯೋ ತಿಳಿಯಲಿಲ್ಲ.

ಕೊನೆಗೆ ನನಗೆ ಅನ್ನಿಸಿದ್ದು ಇಷ್ಟು. ಬಾಯಲ್ಲಿ ಏನೇ ಹೇಳಲಿ, ನಮ್ಮ ಕಡೆಯ ಹೆಣ್ಣುಮಗಳು, ಇಷ್ಟು ದೊಡ್ಡ ವಿಷಯಕ್ಕೆ ಮನೆದೇವರನ್ನು ಬಿಟ್ಟು ಇನ್ನೇನು ಇಟ್ಟುಕೊಂಡಾಳು? ಊರಿಗೆಲ್ಲ ಬೇಡ ಎಂದು ತಾನು ಅದನ್ನೇ ಇಟ್ಟುಕೊಂಡಿರುತ್ತಾಳೆ. ಅದನ್ನು ಪತ್ತೆ ಮಾಡಿ, ಆಕೆಯ ಕಂಪ್ಯೂಟರ್ ತೆರೆದು, ಧಣಿಗಳನ್ನು ಕರೆದು ತೋರಿಸಬೇಕು. "ನೋಡ್ರಿ ಧಣೇರ, ನಿಮ್ಮ ಬಳ್ಳಾರಿ ತರಬೇತಿ" ಎನ್ನಬೇಕು. ಈ ಒಂದು ವಾಕ್ಯವನ್ನು ಸ್ನಾನ ಮಾಡುವಾಗ ಹಲವು ದನಿಗಳಲ್ಲಿ ಹೇಳಿ ನೋಡಿದೆ. ಮರುದಿನ ನಾನೇ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿ ಆಕೆಯ ಮೇಜಿನ ಮೇಲೆ ಬಿಚ್ಚಿದೆ. ಆಕೆಯ ಮುಂದಿನ ಕುರ್ಚಿಯಲ್ಲಿ, ಅಂದರೆ ನನ್ನದೇ ಕುರ್ಚಿಯಲ್ಲಿ, ಅತಿಥಿಯಾಗಿ ಕೂತೆ.

"ತಗೋರಮ್ಮ. ಅಂದಂಗ ಗಿರಿಜಮ್ಮ, ನಿಮ್ಮ ತವರ್ಮನಿ ದೇವ್ರು ಯಾವುದು?"

ಆಕೆ ಮಿರ್ಚಿ ಹಿಡಿದ ಕೈಯನ್ನು ಒಂದು ಕ್ಷಣ ತಡೆದು, ನನ್ನ ಮುಖ ನೋಡಿ ನಕ್ಕಳು. "ಮೈಲಾರಲಿಂಗ್ರಿ ಅಣ್ಣಾರ."

"ಭಾಳ ಜಾಗೃತ ದೇವ್ರು. ಮತ್ತ ಗಂಡನ ಮನಿದು?"

"ಅದೂ ಅದೇ ಐತ್ರಿ. ಒಂದೇ ದೇವ್ರಿನ ಮನಿಗೇ ಕೊಟ್ಟಾರ."

ಹೆಣ್ಣುಮಕ್ಕಳಿಗೆ ಎರಡು ಮನೆದೇವರು ಇರುತ್ತವೆ, ಯಾವುದೆಂದು ಊಹಿಸುವುದು ಎಂಬ ನನ್ನ ದೊಡ್ಡ ಚಿಂತೆಯೂ ಅಲ್ಲಿಗೆ ಕಳೆಯಿತು. ಮಂಡಕ್ಕಿಯ ಖರ್ಚು ಸಾರ್ಥಕವಾಯಿತು ಎಂದುಕೊಂಡೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಬೇವಿನ ಮರದ ಕೆಳಗೆ ಹೋದರು. ನಾನು ಹೊಟ್ಟೆ ಸರಿಯಿಲ್ಲ ಎಂದು ಒಳಗೇ ಉಳಿದೆ, ಅದು ಸುಳ್ಳೂ ಆಗಿರಲಿಲ್ಲ. ಹೋಗಿ ಗಿರಿಜಾಳ ಕುರ್ಚಿಯಲ್ಲಿ ಕೂತೆ. ಸ್ಕ್ರೀನಿನ ಮೇಲೆ ಎರಡು ಖಾನೆ, ಮೇಲಿನದು ಹೆಸರಿಗೆ, ಕೆಳಗಿನದು ಪಾಸ್‌ವರ್ಡಿಗೆ. ಕನ್ನಡಕ ನನ್ನ ಮೇಜಿನ ಮೇಲೆಯೇ ಉಳಿದಿತ್ತು. ಅಂದಾಜಿನ ಮೇಲೆ ಮೈಲಾರಲಿಂಗನನ್ನು ಟೈಪ್ ಮಾಡಿ ಒಂದು ಎರಡು ಮೂರು ಹೊಡೆದೆ. ತೆಗೆದುಕೊಳ್ಳಲಿಲ್ಲ. ಮತ್ತೆ ಹೊಡೆದೆ. ಆಗಲೇ ಬಾಗಿಲ ಬಳಿ ಬಳೆಯ ಸದ್ದು ಕೇಳಿ, ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ನನ್ನ ಜಾಗಕ್ಕೆ ಹಾರಿ ಕೂತು, ಕನ್ನಡಕ ಹಾಕಿಕೊಂಡು, ಗೋಡೆಯ ಕ್ಯಾಲೆಂಡರನ್ನು ಗಂಭೀರವಾಗಿ ನೋಡತೊಡಗಿದೆ. ಕನ್ನಡಕ ಹಾಕಿಕೊಂಡ ಮೇಲೆ ಅಲ್ಲಿಂದಲೇ ಕಂಡಿತು. ಪಾಸ್‌ವರ್ಡಿನ ಖಾನೆಯಲ್ಲಿ ಬರೆದಿದ್ದರೆ ಬರೀ ಚುಕ್ಕೆಗಳು ಇರುತ್ತಿದ್ದವು. ನಾನು ಬರೆದದ್ದು ಮೇಲಿನ ಖಾನೆಯಲ್ಲಿ. ಸ್ಕ್ರೀನಿನ ನಟ್ಟನಡುವೆ ಮೈಲಾರಲಿಂಗ ಒಂದು ಎರಡು ಮೂರು ಎಂದು ದಪ್ಪ ಅಕ್ಷರದಲ್ಲಿ ಸಾಕ್ಷಾತ್ ಪ್ರತ್ಯಕ್ಷವಾಗಿತ್ತು.

ಗಿರಿಜಾ ಅದನ್ನು ನೋಡಿದಳು. ಅದನ್ನು ಅಳಿಸಿ, ಸಂಜೆಯವರೆಗೂ ತನ್ನ ಬಿಲ್ಲುಗಳನ್ನು ಮಾಡುತ್ತಾ ಕೂತಳು. ಅಷ್ಟು ಉದ್ದದ ಮಧ್ಯಾಹ್ನವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಇಷ್ಟು ವರ್ಷ ಮರ್ಯಾದೆಯಿಂದ ಕೂತ ಆಫೀಸಿನಲ್ಲಿ ಕಳ್ಳ ಅನ್ನಿಸಿಕೊಂಡು ಹೊರಗೆ ಹೋಗುವುದು ಹೇಗೆ, ಓಣಿಯವರಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ. ಎಲ್ಲರೂ ಎದ್ದ ಮೇಲೆ ಆಕೆ ನನ್ನ ಮೇಜಿನ ಬಳಿ ಬಂದು ನಿಂತಳು.

"ಅಣ್ಣಾರ, ನಮ್ಮ ಮನೆದೇವ್ರು ಮೈಲಾರಲಿಂಗ ಅಲ್ರಿ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ತರಬೇತ್ಯಾಗ ಹೇಳ್ಯಾರ್ರಿ, ಯಾರರ ತಿನ್ನಾಕ ಕೊಟ್ಟು ಮನಿ ವಿಚಾರ ಕೇಳಿದ್ರ ಹುಷಾರಾಗ್ಬೇಕು ಅಂತ. ಅದಕ್ಕ ಸುಳ್ಳು ಹೇಳಿದ್ನಿ. ದೇವ್ರ ವಿಷಯದಾಗ ಸುಳ್ಳು ಹೇಳಬಾರದಿತ್ತು, ಸೋಮವಾರ ಹಂಪಿಗೆ ಹೋಗಿ ವಿರೂಪಾಕ್ಷಗ ತಪ್ಪುಗಾಣಿಕಿ ಹಾಕಿ ಬರ್ತೀನಿ."

"ಧಣೇರಿಗೆ ಹೇಳ್ತೀಯೇನಮ್ಮ?" ಎಂದು ಕೇಳಿದೆ.

"ಹೇಳ್ಬೇಕ್ರಿ, ನಿಯಮ ಐತಿ. ಯಾರೋ ಕೈ ಹಾಕಿದ್ರು ಅಂತ ಹೇಳ್ತೀನಿ. ಆದ್ರ ಯಾರು ಅಂತ ನಾ ನೋಡಿಲ್ಲಲ್ರಿ. ನಾ ನೋಡಿದ್ದು ದೇವ್ರ ಹೆಸರಷ್ಟ." ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದಳು, "ನೀವು ಮೊದಲ ನಿಮ್ಮ ಪಾಸ್‌ವರ್ಡ್ ಬದಲಿ ಮಾಡ್ರಿ ಅಣ್ಣಾರ. ನಿಮ್ಮ ಮನೆದೇವ್ರು ಲಾರಿ ಡ್ರೈವರುಗಳಿಗೂ ಗೊತ್ತು. ಒಂದು ಉದ್ದನ ಸಾಲು ಇಡ್ರಿ. ನಿಮ್ಮ ಮನಸ್ಸಿನ್ಯಾಗ ಇರೋದು, ಯಾರ ಮುಂದೂ ಎಂದೂ ಹೇಳದಂಥಾದ್ದು."

ಇಲ್ಲಿ ನೀವು, ನಾನು ಕರಗಿಹೋದೆ, ಆಕೆಯ ತಲೆಯ ಮೇಲೆ ಕೈಯಿಟ್ಟು ಹರಸಿದೆ ಎಂದುಕೊಂಡಿರಬಹುದು. ಇಲ್ಲ. ಸಿಕ್ಕಿಹಾಕಿಸಿದವರ ಮೇಲೆ ಬರುವ ಸಿಟ್ಟಿಗಿಂತ ಬಿಟ್ಟುಬಿಟ್ಟವರ ಮೇಲೆ ಬರುವ ಸಿಟ್ಟು ದೊಡ್ಡದು. ಕಂಪ್ಯೂಟರ್ ವಿದ್ಯೆಯಲ್ಲಿ ಮುಂದೆ ಹೋದದ್ದು ಸಾಲದೆಂದು ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ! ಆಕೆ ಹೋದ ಕೂಡಲೇ ಹೊಸ ಪಾಸ್‌ವರ್ಡ್ ಹಾಕಲು ಕೂತೆ. ಮನಸ್ಸಿನಲ್ಲಿದ್ದದ್ದು, ಯಾರ ಮುಂದೂ ಹೇಳಲಾಗದ್ದು. ಹುಡುಕಬೇಕಾಗಲೇ ಇಲ್ಲ. ಈಗ ಅದನ್ನು ಬದಲಾಯಿಸಿ ಆಗಿರುವುದರಿಂದ ನಿಮಗೆ ಹೇಳುತ್ತೇನೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿ ಜಾಗ ಬಿಡದೆ ಹೊಡೆದೆ: "ಈ ಗಿರಿಜಾ ಬಂದ ಮೇಲೆ ನನ್ನ ಚಹಾ ನಿಂತುಹೋಯಿತು, ಆಕೆ ಕಂಪ್ಲಿಗೆ ವಾಪಸ್ ಹೋಗಲಿ." ಕೆಳಗಿನ ಪಟ್ಟಿ ಹಸಿರಾಗಿ, ಪಾಸ್‌ವರ್ಡ್ ಬಹಳ ಬಲವಾಗಿದೆ ಎಂದು ಕಂಪ್ಯೂಟರ್ ಮೆಚ್ಚಿಕೊಂಡಿತು. ಅಂದಿನಿಂದ ದಿನಾ ಬೆಳಿಗ್ಗೆ ಅದನ್ನು ಹೊಡೆಯುವುದು ನನ್ನ ಜಪವಾಯಿತು. ಹೊಡೆದು ಮುಗಿಸಿದ ಮೇಲೆ ಎದೆಯ ಉರಿ ಸ್ವಲ್ಪ ಇಳಿಯುತ್ತಿತ್ತು. ಆಕೆ ಎದುರಿನಿಂದ "ನಮಸ್ಕಾರ್ರಿ ಅಣ್ಣಾರ" ಎಂದರೆ ನಾನೂ ನಗುತ್ತಾ "ನಮಸ್ಕಾರಮ್ಮ" ಎನ್ನುತ್ತಿದ್ದೆ.

ಯಾರೋ ಕೈ ಹಾಕಿದ ವಿಷಯಕ್ಕೆ ಧಣಿಗಳು ಒಂದು ದಿನ ಎಲ್ಲರನ್ನೂ ಒಟ್ಟಿಗೆ ಬೈದು ಬಿಟ್ಟುಬಿಟ್ಟರು. ಹೀಗೆ ಕೆಲವು ವಾರ ಕಳೆದವು. ಮಲಪನಗುಡಿಯಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶ. ರಜೆ ಹಾಕಿ, ಶಿವಲೀಲಾಳ ಜೊತೆ ಹೋಗಿ, ಆ ಇಸ್ತ್ರಿಯ ನೀಲಿ ಅಂಗಿಯನ್ನೇ ಹಾಕಿಕೊಂಡು ಊಟಕ್ಕೆ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದಿತ್ತು, ಅದರ ಮೇಲೆ ತುಪ್ಪ ಬೀಳುವುದರಲ್ಲಿತ್ತು. ಆಗ ಧಣಿಗಳ ಫೋನು.

"ಮಲ್ಲಣ್ಣ, ತಪಾಸಣಿಗೆ ಸಾಹೇಬ್ರು ಬಂದು ಕುಂತಾರ. ಹೋದ ತಿಂಗಳ ತೂಕದ ಚೀಟಿ ಎಲ್ಲಾ ನಿಮ್ಮ ಕಂಪ್ಯೂಟರ್‌ನ್ಯಾಗ ಅದಾವು. ಪಾಸ್‌ವರ್ಡ್ ಹೇಳ್ರಿ ಜಲ್ದಿ. ಹೊಸಾದು ಹಾಕಾಕ ನೀವೇ ಎದುರಿಗೆ ಬೇಕಂತ, ಅಷ್ಟು ಹೊತ್ತು ಎಲ್ಲೈತಿ. ಸ್ಪೀಕರ್ ಹಾಕೀನಿ, ಎಲ್ಲಾರೂ ಇಲ್ಲೇ ಅದಾರ. ಗಿರಿಜಾ ಟೈಪ್ ಮಾಡ್ತಾಳ."

ಗಿರಿಜಾ ಟೈಪ್ ಮಾಡುತ್ತಾಳೆ. ಈ ಮೂರು ಪದ ಕೇಳಿದ ಮೇಲೆ ನನಗೆ ಹೋಳಿಗೆ ಕಾಣಲಿಲ್ಲ, ಎಲೆ ಕಾಣಲಿಲ್ಲ, ಮಲಪನಗುಡಿಯೇ ಕಾಣಲಿಲ್ಲ. ಕಂಡದ್ದು ಒಂದೇ: ನನ್ನ ಕೀಬೋರ್ಡಿನ ಮುಂದೆ ಕೂತು, ನಾನು ಹೇಳಿದ ಹಾಗೆ, "ಈ ಗಿರಿಜಾ" ಎಂಬುದರಿಂದ ಶುರುಮಾಡಿ ಒಂದೊಂದೇ ಪದ ಹೊಡೆಯುತ್ತಿರುವ ಗಿರಿಜಾ, ಅವಳ ಸುತ್ತ ಹನುಮಂತಪ್ಪ, ಧಣಿಗಳು, ಯಾರೋ ಸಾಹೇಬರು. ನನ್ನ ಮರ್ಯಾದೆ ಉಳಿಸಿದ ಹುಡುಗಿ ತನ್ನ ಕೈಯಾರೆ ಅದನ್ನು ಓದಬೇಕು. ಭೂಮಿ ಬಾಯಿ ಬಿಡಲಿ ಎಂದು ಕಾದೆ, ಬಿಡಲಿಲ್ಲ. ಬದಲಿಗೆ ನನ್ನ ಬಾಯಿ ತಾನಾಗಿ ತೆರೆಯಿತು.

"ಧಣೇರ, ಪಾಸ್‌ವರ್ಡ್ ಯಾರಿಗೂ ಹೇಳಂಗಿಲ್ರಿ."

"ಏನಂದ್ರಿ?"

"ಯಾರಿಗೂ ಹೇಳಂಗಿಲ್ರಿ. ಮಾಲಕರಿಗೂ ಹೇಳಂಗಿಲ್ಲ."

"ಮಲ್ಲಣ್ಣ, ನಾನು! ನಾನೇ ಮಾತಾಡಾಕತ್ತೀನಿ!"

"ನೀವೇ ಅಂತ ನಾ ಹ್ಯಾಂಗ ನಂಬ್ಲಿ? ಈಗ ಕಂಪ್ಯೂಟರ್‌ನ್ಯಾಗ ಎಲ್ಲಾರ ದನಿನೂ ಮಾಡ್ತಾರಂತ. ಕಂಪ್ಯೂಟರ್ ಯಾಕ, ನಮ್ಮ ಹನುಮಂತಪ್ಪನೂ ನಿಮ್ಮ ದನಿ ಮಸ್ತ್ ಮಾಡ್ತಾನ." ದೂರದಲ್ಲಿ ಹನುಮಂತಪ್ಪ "ಅಯ್ಯಯ್ಯೋ" ಅಂದದ್ದು ಕೇಳಿಸಿತು. "ಅಪರಿಚಿತರ ಮೇಲ್ ಒತ್ತಬಾರದು, ಪೆನ್ ಡ್ರೈವ್ ಚುಚ್ಚಬಾರದು, ಅರ್ಜೆಂಟ್ ಅಂತ ಯಾರರ ಅವಸರ ಮಾಡಿದ್ರ ಮೊದಲ ಅನುಮಾನ ಪಡಬೇಕು. ನೀವು ಅವಸರ ಮಾಡಾಕತ್ತೀರಿ. ಸಾಹೇಬ್ರಿಗೆ ಒಂದು ಚಹಾ ಕುಡಿಸ್ರಿ. ನಾನೇ ಬಂದು ತಗದು ಕೊಡ್ತೀನಿ." ಫೋನ್ ಇಟ್ಟು, ಎಲೆಯಿಂದ ಎದ್ದು, ಕೈ ತೊಳೆದು, ಬೈಕ್ ಏರಿದೆ. ಶಿವಲೀಲಾ ಹಿಂದಿನಿಂದ, "ರೀ, ಊಟ ಬಿಟ್ಟು ಎಲ್ಲಿಗ್ರಿ?" ಎಂದಳು. ನಿಯಮ ಪಾಲಿಸಲು ಎಂದು ಹೇಳುವಷ್ಟು ಹೊತ್ತು ಇರಲಿಲ್ಲ.

ಆಫೀಸಿಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತರು. ಧಣಿಗಳ ಮುಖ ನೋಡಲು ಧೈರ್ಯ ಇರಲಿಲ್ಲ, ನೇರವಾಗಿ ನನ್ನ ಕುರ್ಚಿಗೆ ಹೋಗಿ ಕೂತೆ. ನಾನು ಕೀಬೋರ್ಡಿನ ಮೇಲೆ ಬಾಗಿದ ಕೂಡಲೇ ಅಷ್ಟೂ ಜನ, ತಪಾಸಣೆಯ ಸಾಹೇಬರೂ ಸೇರಿ, ಒಟ್ಟಿಗೆ ಗೋಡೆಯ ಕಡೆ ಮುಖ ತಿರುಗಿಸಿದರು. ಬೆನ್ನು ತಿರುಗಿಸಿ ನಿಂತ ಗಿರಿಜಾಳ ಜಡೆಯನ್ನು ನೋಡುತ್ತಾ, ಆಕೆ ಕಂಪ್ಲಿಗೆ ವಾಪಸ್ ಹೋಗಲಿ ಎಂದು ಹೊಡೆದು ಮುಗಿಸಿದೆ. ಚೀಟಿಗಳು ತೆರೆದವು, ಸಾಹೇಬರು ನೋಡಿ ಸಹಿ ಹಾಕಿ, ಹೋಗುವಾಗ ನನ್ನ ಕೈ ಕುಲುಕಿ, "ಇಂಥವರು ಒಬ್ಬರು ಇರಬೇಕು" ಎಂದು ಧಣಿಗಳಿಗೆ ಹೇಳಿ ಹೋದರು. ಧಣಿಗಳು, "ನನಗ ಎದುರು ಹೇಳಿದ್ದು ನೀವೊಬ್ರೇ ನೋಡ್ರಿ. ಭಾಳ ಖುಷಿ ಆತು" ಎಂದು, ದೇವರ ಫೋಟೋಗೆ ಹಾಕಿದ್ದ ಶಾಲು ತೆಗೆದು ನನಗೆ ಹೊದಿಸಿದರು. ಗಿರಿಜಾಳ ಕಣ್ಣಲ್ಲಿ ನೀರು. "ನಾ ಕಲಸಿದ್ದಕ್ಕ ಸಾರ್ಥಕ ಆತ್ರಿ ಅಣ್ಣಾರ. ಊಟ ಬಿಟ್ಟು ಬಂದ್ರಿ, ಆದ್ರ ಪಾಸ್‌ವರ್ಡ್ ಹೇಳ್ಲಿಲ್ಲ. ಇವತ್ತಿನ ಚಹಾ ನಂದು." ಆಕೆಯೇ ಚಹಾ ತಂದಳು. ಯಾರೋ ನನ್ನ ಕುರ್ಚಿಯನ್ನು ಎತ್ತಿಕೊಂಡು ಬಂದು ಮತ್ತೆ ನನ್ನ ಮೇಜಿನ ಮುಂದೆ ಇಟ್ಟರು. ಆಕೆ ಅದರ ಮೇಲೆ ಕೂತು, ತನ್ನ ಅತ್ತೆಯ ಮಂಡಿನೋವಿನ ಕಥೆ ಹೇಳಿದಳು. ಬಹಳ ದಿನದ ಮೇಲೆ ಚಹಾ ಚಹಾದ ಹಾಗೆ ಇತ್ತು. ಅದರ ಒಂದೊಂದು ಗುಟುಕಿಗೂ ನನಗೆ ನಾಚಿಕೆಯಾಗುತ್ತಿತ್ತು.

ಆ ನಾಚಿಕೆಯಲ್ಲಿ ಹೊಟ್ಟೆಕಿಚ್ಚು ತಣ್ಣಗಾಯಿತು ಎಂದೇ ನಾನು ನಂಬಿದೆ. ಜೀರಿಗೆ ನೀರು ಬಿಟ್ಟೆ. ಮೊನ್ನೆ ಕಂಪ್ಯೂಟರ್, ಅವಧಿ ಮುಗಿಯಿತು, ಹೊಸ ಪಾಸ್‌ವರ್ಡ್ ಹಾಕಿ ಎಂದು ಕೇಳಿತು. ಹಳೆಯ ಪಾಪ ತೊಳೆದುಕೊಳ್ಳಲು ಒಳ್ಳೆಯ ಅವಕಾಶ ಎಂದು, ಮನಸಾರೆ, "ಗಿರಿಜಾ ಒಳ್ಳೆ ಹುಡುಗಿ" ಎಂದು ಹೊಡೆದೆ. ಪಟ್ಟಿ ಕೆಂಪಗೇ ಉಳಿಯಿತು. ದುರ್ಬಲವಾಗಿದೆ, ಇನ್ನೂ ಉದ್ದ ಬೇಕು ಎಂದಿತು. ಇನ್ನೂ ಏನು ಸೇರಿಸುವುದು? ಕೂತು ಯೋಚಿಸಿದೆ. ಬೈಯುವಾಗ ಸರಸರ ಹರಿದು ಬಂದ ಮಾತು ಹೊಗಳುವಾಗ ಮೂರು ಪದಕ್ಕೆ ನಿಂತಿತ್ತು. "ಭಾಳ" ಎಂದು ಸೇರಿಸಿ ನೋಡಿದೆ, ಆಗಲೂ ಕೆಂಪು. ಅಷ್ಟರಲ್ಲಿ ಒಳಗಿನಿಂದ ಧಣಿಗಳ ದನಿ ಕೇಳಿಸಿತು. "ಹುಬ್ಬಳ್ಳ್ಯಾಗ ಇನ್ನೂ ದೊಡ್ಡ ತರಬೇತಿ ಐತಂತ. ಮಲ್ಲಣ್ಣ ಇಲ್ಲಂದ್ರ ಆಫೀಸ್ ನಡಿಯಂಗಿಲ್ಲ, ಗಿರಿಜಾ ನೀನೇ ಹೋಗಿ ಬಾರಮ್ಮ."

ನನ್ನ ಬೆರಳುಗಳು ತಾವಾಗಿ ಓಡತೊಡಗಿದವು. ಎಲ್ಲೂ ತಡೆಯಲಿಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ. ಪಟ್ಟಿ ಹಚ್ಚಹಸಿರಾಗಿ, ಬಹಳ ಬಲವಾಗಿದೆ ಎಂದಿತು. ಏನು ಹೊಡೆದೆ ಎಂದು ಕೇಳಬೇಡಿ. ಯಾರಿಗೂ ಹೇಳುವಂತಿಲ್ಲ, ನಿಯಮ.